ಎಫ್‌ಆರ್‌ಪಿ ಸುತ್ತಿದ ಕಂಬ ಮತ್ತೆ ಉಬ್ಬಿದರೆ ಎಲ್ಲಿಂದ ಹುಡುಕಬೇಕು?

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಜಮಖಂಡಿ ಕಡೆಯ ಒಬ್ಬ ಅಂಗಡಿಯವರು ಫೋನ್ ಮಾಡಿದರು. “ಸಾಹೇಬ್ರ, ಎರಡು ವರ್ಷದ ಹಿಂದ ಕಂಬಕ್ಕ ಬಟ್ಟಿ ಸುತ್ತಿಸಿದ್ವಿ. ಈಗ ಬುಡದಾಗ ಮತ್ತ ಉಬ್ಬಾಕತ್ತೈತ್ರಿ. ಇನ್ನೊಂದು ಸುತ್ತು ಹಾಕಿದ್ರ ಸಾಕೇನ್ರಿ?”

ಅವರು ಬಟ್ಟೆ ಅಂದದ್ದು ಎಫ್‌ಆರ್‌ಪಿಗೆ, ಅಂದರೆ ಫೈಬರ್ ರೀಇನ್‌ಫೋರ್ಸ್ಡ್ ಪಾಲಿಮರ್‌ಗೆ. ಗಾಜಿನ ನಾರು ಅಥವಾ ಕಾರ್ಬನ್ ನಾರಿನ ಹಾಳೆ ಅದು. ನೋಡಲು ಥೇಟ್ ಬಟ್ಟೆಯೇ. ಎಪಾಕ್ಸಿ ಅನ್ನುವ, ಎರಡು ಭಾಗ ಕಲಸಿ ಮಾಡುವ ಅಂಟಿನಲ್ಲಿ ನೆನೆಸಿ ಕಂಬಕ್ಕೆ ಅಡ್ಡಡ್ಡ ಸುತ್ತುತ್ತಾರೆ. ಗಟ್ಟಿಯಾದ ಮೇಲೆ ಕಂಬಕ್ಕೆ ಒಂದು ಚಿಪ್ಪು ಬಂದ ಹಾಗೆ ಆಗುತ್ತದೆ.

“ಇನ್ನೊಂದು ಸುತ್ತು” ಅನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಮೊದಲು ಒಳಗೆ ಏನಿದೆ ನೋಡೋಣ ಅನ್ನುವುದು ನನ್ನ ಉತ್ತರ. ನಾನು ಬಾಗಲಕೋಟೆಯಲ್ಲಿ ಕುಳಿತು ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಯಲ್ಲಿ ರಿಪೇರಿ ಕೆಲಸ ಮಾಡುವವನು. ಬಟ್ಟೆ ತಾನಾಗಿ ಹರಿದು ಕೆಟ್ಟ ಕಂಬವನ್ನು ನಾನು ಇನ್ನೂ ಕಂಡಿಲ್ಲ. ಕೆಟ್ಟಿರುವುದು ಅದರ ಕೆಳಗಿನ ಕಾಂಕ್ರೀಟು, ಇಲ್ಲವೇ ನಡುವಿನ ಅಂಟು, ಇಲ್ಲವೇ ಸುತ್ತಿದ ರೀತಿ. ಯಾವುದು ಅಂತ ತಿಳಿಯದೆ ಮೇಲೆ ಇನ್ನೊಂದು ಪದರ ಹಾಕಿದರೆ ದುಡ್ಡು ಹೋಗುತ್ತದೆ, ರೋಗ ಇನ್ನೂ ಒಳಗೆ ಹೋಗುತ್ತದೆ.

ಬಟ್ಟೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಭಾರ ಬಿದ್ದಾಗ ಕಂಬದ ಕಾಂಕ್ರೀಟು ಪಕ್ಕಕ್ಕೆ ಉಬ್ಬಲು ನೋಡುತ್ತದೆ. ಹಾಗೆ ಉಬ್ಬದಂತೆ ಹಿಡಿಯುವುದು ಒಳಗೆ ಉದ್ದ ರಾಡುಗಳನ್ನು ಸುತ್ತಿಕೊಂಡ ಕಬ್ಬಿಣದ ರಿಂಗ್‌ಗಳ ಕೆಲಸ. ರಿಂಗ್ ತುಕ್ಕು ಹಿಡಿದು ಸವೆದಾಗ ಆ ಕೆಲಸವನ್ನು ಹೊರಗಿನಿಂದ ಬಟ್ಟೆ ಮಾಡುತ್ತದೆ.

ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಾ ಹಾಕುವುದನ್ನು ನೋಡಿದ್ದೀರಲ್ವಾ? ಕಾಯಿಸಿ ಹಾಕುತ್ತಾರೆ. ತಣ್ಣಗಾಗುತ್ತ ಅದು ಕಟ್ಟಿಗೆಯನ್ನು ತಾನೇ ಬಿಗಿಯುತ್ತದೆ. ಎಫ್‌ಆರ್‌ಪಿ ಹಾಗಲ್ಲ. ಸುತ್ತಿದ ದಿನ ಅದು ಕಂಬವನ್ನು ಒಂದಿಷ್ಟೂ ಬಿಗಿಯುವುದಿಲ್ಲ. ಕಾಂಕ್ರೀಟು ಉಬ್ಬಿ ಬಂದು ಒತ್ತಿದಾಗ ಮಾತ್ರ ತಡೆಯುತ್ತದೆ. ಹಾಗಾಗಿ ಬಟ್ಟೆಗೂ ಗಟ್ಟಿ ಕಾಂಕ್ರೀಟಿಗೂ ನಡುವೆ ಪೊಳ್ಳಿದ್ದರೆ, ಆ ಪೊಳ್ಳು ತುಂಬುವಷ್ಟು ಕಂಬ ಉಬ್ಬಿ ಒಡೆಯುವ ತನಕ ಬಟ್ಟೆ ಸುಮ್ನೆ ನೋಡುತ್ತ ನಿಂತಿರುತ್ತದೆ. ಪೊಳ್ಳು ದನಿಯನ್ನು ನಾವು ಅಷ್ಟು ತಲೆಗೆ ಹಚ್ಚಿಕೊಳ್ಳುವುದು ಇದಕ್ಕೇ.

ಇನ್ನೆರಡು ಮಾತು. ಮೇಲಿಂದ ಕೆಳಗೆ ಹೋಗುವ ಉದ್ದ ರಾಡು ಸವೆದಿದ್ದರೆ ಅಡ್ಡ ಸುತ್ತಿದ ಬಟ್ಟೆ ಅದರ ಬದಲಿಗೆ ನಿಲ್ಲುವುದಿಲ್ಲ. ಬಟ್ಟೆ ತುಕ್ಕನ್ನು ನಿಲ್ಲಿಸುವುದೂ ಇಲ್ಲ. ಹೊರಗಿನ ನೀರು, ಗಾಳಿ ತಡೆದು ನಿಧಾನ ಮಾಡುತ್ತದೆ, ಅಷ್ಟೇ. ಒಳಗೆ ಆಗಲೇ ಉಪ್ಪು ಕೂತಿದ್ದು ಬುಡದಿಂದ ತೇವ ಏರುತ್ತಿದ್ದರೆ ತುಕ್ಕು ತನ್ನ ಪಾಡಿಗೆ ನಡೆದೇ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುತ್ತದೆ. ಆ ಒತ್ತಡವೇ ರಾಡನ್ನು ಹೊರಗಿನಿಂದ ಮುಚ್ಚಿರುವ ಕವರ್ ಕಾಂಕ್ರೀಟನ್ನು ಸೀಳುವುದು, ಬಟ್ಟೆಯನ್ನು ಉಬ್ಬಿಸುವುದು.

ಮುಟ್ಟುವ ಮೊದಲು

ಕಂಬ ಸೊಟ್ಟಗಾಗಿದ್ದರೆ, ಮೇಲಿನ ಬೀಮ್‌ನಲ್ಲಿ ಹೊಸ ಸೀಳು ಬಂದಿದ್ದರೆ, ಇಷ್ಟು ದಿನ ಸರಿಯಿದ್ದ ಬಾಗಿಲು ಈಗ ಚೌಕಟ್ಟಿಗೆ ತಾಗುತ್ತಿದ್ದರೆ ಪರೀಕ್ಷೆ ಗಿರೀಕ್ಷೆ ಬಿಡಿ. ಜನರನ್ನು ಹೊರಗೆ ಕಳಿಸಿ, ಎರಡೂ ಕಡೆ ಬೀಮ್‌ಗೆ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಡಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯಿರಿ. ಪ್ರಾಪ್ ಕೊಡುವಾಗ ಅದರ ಕಾಲು ಗಟ್ಟಿ ನೆಲದ ಮೇಲಿರಲಿ. ಎರೆ ಮಣ್ಣಿನ ಮೇಲೆ ಹಾಸಿದ ಫರ್ಸಿಯನ್ನು ನಂಬಬೇಡಿ. ದಪ್ಪ ಹಲಗೆ ಹಾಕಿ ಭಾರ ಹಂಚಿ.

ಬಡಿದು ಕೇಳುವುದು

ಬೇಕಾಗಿರುವುದು ಒಂದು ಸಣ್ಣ ಸುತ್ತಿಗೆ, ಒಂದು ಸೀಮೆಸುಣ್ಣ. ಸುತ್ತಿಗೆ ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯವೂ ನಡೆಯುತ್ತದೆ. ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಬುಡದಿಂದ ಶುರು ಮಾಡಿ ಗೇಣು ಗೇಣಿಗೆ ಬಡಿಯುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ. ಬಿಟ್ಟಿದ್ದಲ್ಲಿ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ತಾರೀಖು ಬರೆಯಿರಿ, ಫೋಟೊ ತೆಗೆಯಿರಿ. ಅಂಗಡಿಯ ಫ್ಯಾನು, ಮಿಕ್ಸಿ, ಟಿವಿ ಎಲ್ಲ ಬಂದ್ ಮಾಡಿಸಿ. ನಮ್ಮ ಗೌಂಡಿ ಕಾಕಾ ಕಣ್ಣು ಮುಚ್ಚಿಕೊಂಡು ಬಡಿಯುತ್ತಾರೆ. ಗೆರೆ ಎಳೆಯುವುದು ಹಿಂದೆ ನಿಂತ ಹುಡುಗ.

ಎಷ್ಟು ಪೊಳ್ಳು ಇದ್ದರೆ ನಡೆಯುತ್ತದೆ? ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐನ 440.2ಆರ್ ಕೈಪಿಡಿಯಲ್ಲಿ ಇದಕ್ಕೊಂದು ಅಳತೆ ಇದೆ. ಒಂದೊಂದು ಪೊಳ್ಳು 1,300 ಚದರ ಮಿಮೀ ಒಳಗಿದ್ದು, ಎಲ್ಲ ಸೇರಿ ಸುತ್ತಿದ ಜಾಗದ ಶೇ 5ರ ಒಳಗಿದ್ದು, ಒಂದು ಚದರ ಮೀಟರಿಗೆ 10ಕ್ಕಿಂತ ಜಾಸ್ತಿ ಇಲ್ಲದಿದ್ದರೆ ಬಿಡಬಹುದು. 1,300 ಚದರ ಮಿಮೀ ಅಂದರೆ ಎರಡು ಹತ್ತು ರೂಪಾಯಿ ನಾಣ್ಯಕ್ಕಿಂತ ಕೊಂಚ ಜಾಸ್ತಿ. 16,000 ಚದರ ಮಿಮೀ ದಾಟಿದರೆ, ಅಂದರೆ ಹೆಚ್ಚು ಕಡಿಮೆ ಐದು ಇಂಚಿನ ಚೌಕಕ್ಕಿಂತ ದೊಡ್ಡದಾದರೆ, ಕತ್ತರಿಸಿ ತೆಗೆದು ಹೊಸ ತುಂಡು ಹಾಕಬೇಕು. ನಡುವಿನ ಅಳತೆಗೆ ಎಪಾಕ್ಸಿ ಇಂಜೆಕ್ಷನ್ ಸಾಕಾಗಬಹುದು.

ಆದರೆ ಇವೆಲ್ಲ ಹೊಸದಾಗಿ ಸುತ್ತಿದ ಕೆಲಸವನ್ನು ಒಪ್ಪಿಕೊಳ್ಳುವಾಗಿನ ಲೆಕ್ಕ. ಎರಡು ವರ್ಷದ ಹಳೆಯ ಕಂಬದಲ್ಲಿ ಪೊಳ್ಳು ಎಷ್ಟಿದೆ ಅನ್ನುವುದಕ್ಕಿಂತ ಬೆಳೆಯುತ್ತಿದೆಯೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆ. ಕಂಬದ ಕೆಲಸದಲ್ಲಿ ನನಗೆ ಒಂದು ಸೀಮೆಸುಣ್ಣದ ಗೆರೆ ಮೂರು ರಿಪೋರ್ಟಿಗೆ ಸಮ.

ಪೊಳ್ಳು ಎಲ್ಲಿದೆ ಅನ್ನುವುದೂ ಮಾತಾಡುತ್ತದೆ. ಬುಡದಲ್ಲಿ ಮಾತ್ರ ಇದ್ದರೆ ನೆಲದ ತೇವದ ಮೇಲೆ ಅನುಮಾನ ಪಡಿ. ಮೇಲೆ ಬೀಮ್ ಕೂಡುವಲ್ಲಿ ಇದ್ದರೆ ಬಚ್ಚಲ ಪೈಪು, ಟಾಕಿ, ಸ್ಲ್ಯಾಬಿನ ಸೋರಿಕೆ ಹುಡುಕಿ. ಮೂಲೆಗುಂಟ ಉದ್ದಕ್ಕೆ ಇದ್ದರೆ ಒಳಗೆ ಉದ್ದ ರಾಡು ಇದೆ, ಅದೇ ಉಬ್ಬುತ್ತಿದೆ. ಕಂಬದ ತುಂಬ ಅಲ್ಲಲ್ಲಿ ಚಿಕ್ಕ ಗುಳ್ಳೆ ಇದ್ದು ಎರಡು ವರ್ಷದಿಂದ ಹಾಗೇ ಇದ್ದರೆ ಅದು ಸುತ್ತಿದ ದಿನದ್ದೇ ತಪ್ಪು. ಒಂದು ಅಂಚು ಮಾತ್ರ ಎದ್ದಿದ್ದರೆ ಜೋಡು ಸರಿಯಾಗಿ ಹಾಕಿಲ್ಲ.

ಜಮಖಂಡಿಯ ಕಂಬ 230 × 300 ಮಿಮೀ. ನೆಲದಿಂದ ಮಂಡಿಯೆತ್ತರದ ತನಕ ನಾಲ್ಕೂ ಮೈ ಡಬ್. ಅಲ್ಲಿಂದ ಮೇಲೆ ಎರಡು ಮೂಲೆಗುಂಟ ಎದೆಯ ತನಕ ಡಬ್. ಅದರ ಮೇಲೆ ಟಣ್. “ಕೆಳಗಿಂದನ ಬಂದೈತ್ರಿ ಇದು” ಅಂದರು ಕಾಕಾ. ನನಗೂ ಹಾಗೇ ಅನಿಸಿತು. ಅರ್ಧ ಮಾತ್ರ ಸರಿಯಾಗಿತ್ತು ಅನ್ನುವುದು ಆಮೇಲೆ ತಿಳಿಯಿತು.

ಕಿಟಕಿ ತೆಗೆಯುವುದು

ಹೊರಗಿನಿಂದ ಇಷ್ಟೇ. ಮುಂದೆ ಒಂದು ಸಣ್ಣ ಚೌಕ ಕತ್ತರಿಸಲೇಬೇಕು. ಕಾಂಕ್ರೀಟಿನ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಅನ್ನು ಬಟ್ಟೆಯ ಮೇಲೆ ಹೊಡೆದರೆ ಬರುವ ಅಂಕಿಗೆ ಅರ್ಥವಿಲ್ಲ. ವೋಲ್ಟೇಜ್ ಅಳೆದು ರಾಡಿನ ತುಕ್ಕನ್ನು ಅಂದಾಜು ಮಾಡುವ ಹಾಫ್ ಸೆಲ್ ಪರೀಕ್ಷೆಯೂ ಬಟ್ಟೆಯ ಮೇಲಿನಿಂದ ಆಗದು. ಎಪಾಕ್ಸಿ ಕರೆಂಟ್ ಬಿಡುವುದಿಲ್ಲ, ಕಾರ್ಬನ್ ನಾರು ಬೇಡವಾದ ಕಡೆ ಹರಿಸುತ್ತದೆ.

ಡಬ್ ಅಂದ ಜಾಗದಲ್ಲಿ ಒಂದೇ ಮೈಯಲ್ಲಿ 75 ಮಿಮೀ ಚೌಕ ಸಾಕು. ಗ್ರೈಂಡರಿನ ಬ್ಲೇಡು ಬಟ್ಟೆಯಷ್ಟೇ ಆಳ ಇಳಿಯಲಿ. ಕೈ ಜಾರಿ ರಿಂಗ್ ಕತ್ತರಿಸಿದವರನ್ನು ಕಂಡಿದ್ದೇನೆ. ಮಾಸ್ಕು, ಕನ್ನಡಕ ಬೇಕೇ ಬೇಕು. ಕಾರ್ಬನ್ ಬಟ್ಟೆಯಾದರೆ ಅದರ ಪುಡಿ ಕರೆಂಟ್ ಹರಿಸುತ್ತದೆ, ಹತ್ತಿರದ ಸ್ವಿಚ್ ಬೋರ್ಡು ಮುಚ್ಚಿ.

ಈಗ ಚೌಕವನ್ನು ಉಳಿಯಿಂದ ಎಬ್ಬಿ ಅದರ ಹಿಂಭಾಗ ನೋಡಿ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ.

ಹಿಂಭಾಗ ನುಣ್ಣಗೆ, ಹೊಳಪಾಗಿ ಇದ್ದು ಕಾಂಕ್ರೀಟಿನ ಒಂದು ಕಣವೂ ಅಂಟಿಲ್ಲದಿದ್ದರೆ ಅಂಟು ಹಿಡಿದೇ ಇಲ್ಲ. ಉಗುರು ಒತ್ತಿ ನೋಡಿ. ಮೆತ್ತಗಿದ್ದರೆ ಎಪಾಕ್ಸಿಯ ಎರಡು ಭಾಗ ಸರಿಯಾದ ತೂಕದಲ್ಲಿ ಕೂಡಿಲ್ಲ. ಬಿಳಿ ಪುಡಿ ಮೆತ್ತಿಕೊಂಡು ಬಂದಿದ್ದರೆ ಕಾಂಕ್ರೀಟಿನ ಮೇಲ್ಪದರವನ್ನು ಉಜ್ಜದೆ ಹಚ್ಚಿದ್ದಾರೆ. ಗಿಲಾವು ಅಂಟಿಕೊಂಡು ಬಂದರೆ ತಲೆ ಚಚ್ಚಿಕೊಳ್ಳಿ: ಗಿಲಾವು ಕೆತ್ತದೆ ಅದರ ಮೇಲೆಯೇ ಸುತ್ತಿದ್ದಾರೆ. ಇನ್ನು ದಪ್ಪ ಕಾಂಕ್ರೀಟೇ ಹೋಳಾಗಿ ಬಟ್ಟೆಯ ಜೊತೆ ಬಂದು, ಅದರ ಒಳಮೈ ಕಂದಾಗಿದ್ದರೆ ಅಂಟು ಚೆನ್ನಾಗಿದೆ. ಕೆಳಗೆ ರಾಡು ತುಕ್ಕು ಹಿಡಿದು ಕವರನ್ನು ತಳ್ಳಿದೆ.

ಜಮಖಂಡಿಯಲ್ಲಿ ಎರಡೂ ಒಟ್ಟಿಗೆ ಸಿಕ್ಕವು. ಮೊದಲು 15 ಮಿಮೀ ಗಿಲಾವು ಬಂತು. ಅದರ ಹಿಂದೆ ಕವರ್ ಕಾಂಕ್ರೀಟು ಹಪ್ಪಳದ ಹಾಗೆ ಪದರ ಪದರ. ಅದರ ಹಿಂದೆ ಹಸಿ ಕಂದು ಪುಡಿ, ಕೈಗೆ ತಣ್ಣಗೆ. ಕಾಕಾ ಬ್ರಶ್‌ನಿಂದ ಉಜ್ಜಿ ವರ್ನಿಯರ್ ಹಿಡಿದರು. 8 ಮಿಮೀ ರಿಂಗ್ ಒಂದು ಕಡೆ 5 ಮಿಮೀ ಉಳಿದಿತ್ತು. 8ಕ್ಕೆ 5 ಅಂದರೆ ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಬಲ ಇರುವುದು ಅಡ್ಡಗಲದಲ್ಲಿ ಅಲ್ಲ, ಕತ್ತರಿಸಿದ ಮೈಯ ವಿಸ್ತೀರ್ಣದಲ್ಲಿ. ಲೆಕ್ಕ ಹಾಕಿದರೆ ಶೇ 61 ಹೋಗಿದೆ. 16 ಮಿಮೀ ಉದ್ದ ರಾಡು 13.5ಕ್ಕೆ ಇಳಿದಿತ್ತು, ಅಲ್ಲಿ ಶೇ 29 ನಷ್ಟ. ರಾಡಿನ ಅಳತೆಯನ್ನು ಕಣ್ಣಂದಾಜಿನಲ್ಲಿ ಹೇಳುವವರ ಮಾತು ಕೇಳಬೇಡಿ. ಹಳದಿ ತುಕ್ಕು ಸೇರಿಸಿ ಅಳೆದರೆ 8 ಮಿಮೀ ರಿಂಗ್ 10 ಮಿಮೀ ಕಾಣುತ್ತದೆ.

ಉಪ್ಪೋ, ಗಾಳಿಯೋ

ಕಾಂಕ್ರೀಟಿನ ಒಳಗೆ ಪಿಎಚ್ (ಕ್ಷಾರದ ಅಳತೆ) 12.5ರ ಮೇಲಿರುತ್ತದೆ. ಅಲ್ಲಿ ಕಬ್ಬಿಣದ ಮೇಲೆ ಒಂದು ತೆಳು ಪೊರೆ ಕಟ್ಟಿ ಅದನ್ನು ಕಾಯುತ್ತದೆ. ಆ ಪೊರೆ ಹೋಗುವುದು ಎರಡು ದಾರಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಪಿಎಚ್ ಅನ್ನು 9ರ ಕೆಳಗೆ ತರುವುದು ಒಂದು. ಪಿಎಚ್ ಚೆನ್ನಾಗಿದ್ದರೂ ಕ್ಲೋರೈಡ್ ಉಪ್ಪು ಬಂದು ಪೊರೆಯನ್ನು ಅಲ್ಲಲ್ಲಿ ಚುಚ್ಚುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಹಾಗಾಗಿ ಇಲ್ಲಿ ಅವಸರ ಬೇಡ.

ಫಿನಾಲ್ಫ್ತಲೀನ್ ದ್ರಾವಣ ತಗೊಳ್ಳಿ. ಶೇ 1ರದ್ದು, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಬೆಂಕಿ ದೂರ ಇರಲಿ. ಈಗ ತಾನೇ ಒಡೆದ ಮೈಗೆ, ದೂಳು ಊದಿ, ಸಿಂಪಡಿಸಿ. ಹಳೆಯ ಮೈಗೆ ಹಾಕಿದರೆ ಸುಳ್ಳು ಹೇಳುತ್ತದೆ. ಗುಲಾಬಿ ಬಣ್ಣ ಬಂದರೆ ಅಲ್ಲಿ ಕ್ಷಾರ ಉಳಿದಿದೆ. ಬಣ್ಣ ಬರದಿದ್ದರೆ ಗಾಳಿ ಅಲ್ಲಿಯ ತನಕ ತಿಂದಿದೆ. ಬಣ್ಣ ಬರದ ಆಳವನ್ನು ಸ್ಕೇಲ್ ಇಟ್ಟು ಅಳೆಯಿರಿ. ಅದು ರಾಡಿನ ತನಕ ಹೋಗಿದ್ದರೆ ಕಾರಣ ಸಿಕ್ಕಿತು.

ಜಮಖಂಡಿಯ ಕಂಬದಲ್ಲಿ ಹೊರಮೈಯ 10 ಮಿಮೀ ಬಿಟ್ಟರೆ ರಾಡಿನ ಸುತ್ತ ಎಲ್ಲ ಗುಲಾಬಿ. ಆದರೂ ರಾಡಿನ ಮೇಲೆ ಗುಳಿ ಗುಳಿ, ಗೆದ್ದಲು ತಿಂದ ಕಟ್ಟಿಗೆಯ ಹಾಗೆ. ಗುಲಾಬಿ ಇದ್ದೂ ಗುಳಿ ಬಿದ್ದಿದ್ದರೆ ಉಪ್ಪಿನ ಕೆಲಸ ಅಂತ ತಿಳಿಯಿರಿ.

ಉಪ್ಪು ಎಲ್ಲಿಂದ? ಅದಕ್ಕೂ ಒಂದು ದಾರಿ ಇದೆ. ಡ್ರಿಲ್‌ನಿಂದ 0–20, 20–40, 40–60 ಮಿಮೀ ಆಳದ ಪುಡಿಯನ್ನು ಬೇರೆ ಬೇರೆ ಪೊಟ್ಟಣಕ್ಕೆ ಹಾಕಿ, ಎತ್ತರ ಬರೆದು, ಲ್ಯಾಬಿಗೆ ಕೊಡಿ. ಮೂರೂ ಜಿಲ್ಲಾ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಬೆಂಗಳೂರಿಗೆ ಓಡಬೇಕಿಲ್ಲ. ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿನಲ್ಲಿ ಕ್ಲೋರೈಡ್ ಒಂದು ಘನ ಮೀಟರಿಗೆ 0.6 ಕೆಜಿ ದಾಟಬಾರದು. ಹೊರಗೆ ಜಾಸ್ತಿ, ಒಳಗೆ ಕಡಿಮೆ ಇದ್ದರೆ ಉಪ್ಪು ಹೊರಗಿನಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ಸಮ ಇದ್ದರೆ ಹಾಕಿದ ದಿನವೇ ನೀರಿನ ಜೊತೆ ಕೂಡಿದ್ದು.

ನಮ್ಮ ಪೊಟ್ಟಣಗಳಲ್ಲಿ ಎರಡೂ ಇತ್ತು. ಎದೆಯೆತ್ತರದಲ್ಲಿ ಎಲ್ಲ ಆಳದಲ್ಲೂ ಹೆಚ್ಚು ಕಡಿಮೆ ಒಂದೇ ಸಮ, ಮಿತಿ ದಾಟಿದ್ದು. ಬುಡದಲ್ಲಿ ಅದಕ್ಕಿಂತ ಜಾಸ್ತಿ, ಹೊರಮೈಯಲ್ಲಿ ಇನ್ನೂ ಜಾಸ್ತಿ. ಯಜಮಾನರನ್ನು ಕೇಳಿದೆ, ಮನೆ ಕಟ್ಟುವಾಗ ಯಾವ ನೀರು ಹಾಕಿದ್ರಿ? ಹಿತ್ತಲ ಬೋರ್ ತೋರಿಸಿದರು. ಟಾಕಿಯ ಅಂಚಿಗೆ ಬೆರಳ ದಪ್ಪ ಬಿಳಿ ಕಟ್ಟಿತ್ತು. ಬಟ್ಟೆ ಒಗೆಯುವ ಕಲ್ಲು ಕಂಬದ ಹಿಂದೆಯೇ. ಒಗೆದ ನೀರು ಮೋರಿ ಸೇರುವ ಮೊದಲು ಕಂಬದ ಬುಡ ತೊಳೆದು ಹೋಗುತ್ತಿತ್ತು. ಕೃಷ್ಣಾ ದಂಡೆಯ ಹೊಲಗಳಲ್ಲಿ ಸವಳು ಜವಳು (ಉಪ್ಪೇರಿ, ನೀರು ನಿಂತು ಕೆಟ್ಟ ನೆಲ) ಅಂದರೆ ಏನು ಅಂತ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಸವಳು ಮನೆಯ ಕಂಬವನ್ನೂ ಹತ್ತುತ್ತದೆ ಅನ್ನುವುದು ಮಾತ್ರ ಯಾರಿಗೂ ತಲೆಗೆ ಬರುವುದಿಲ್ಲ. ಐಎಸ್ 456 ಕಲಸುವ ನೀರಿಗೂ ಮಿತಿ ಇಟ್ಟಿದೆ: ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಗ್ರಾಂ ಕ್ಲೋರೈಡ್. ಬಾಯಿಗೆ ಉಪ್ಪೆನಿಸುವ ನೀರನ್ನು ಪರೀಕ್ಷೆ ಮಾಡಿಸದೆ ಹಾಕಲೇಬಾರದು.

ಊರು ಬದಲಾದರೆ ಅನುಮಾನವೂ ಬದಲಾಗಬೇಕು. ವಿಜಯಪುರದ ಹಳೆಯ ಮನೆಗಳಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ಬಣ್ಣ ಬರದ ಕಾಂಕ್ರೀಟು. ನೀರಿಲ್ಲದ ಬೇಸಗೆಯಲ್ಲಿ ಹಾಕಿದ್ದು, ಎರಡು ದಿನ ನೀರು ಹೊಡೆದು ಬಿಟ್ಟದ್ದು. ಬಿಸಿಲಿನ ಒಣ ಹವೆಯಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಅದರ ಮೇಲೆ ಕವರ್ 40 ಮಿಮೀ ಇರಬೇಕಾದಲ್ಲಿ 15 ಇರುತ್ತದೆ. ಹಾಗಿದ್ದೂ ಒಣಗಿರುವ ಕಂಬ ಎಷ್ಟೋ ವರ್ಷ ಸುಮ್ಮನಿರುತ್ತದೆ. ಕೆಡುವುದು ಬಚ್ಚಲ ಪಕ್ಕದ್ದು, ಟಾಕಿ ಕೆಳಗಿನದು. (ಗೋಳಗುಮ್ಮಟದ ಗೋಡೆಗಳಿಗೆ ಈ ಚಿಂತೆಯೇ ಇಲ್ಲ. ಕಲ್ಲು, ಸುಣ್ಣದ ಗಾರೆ. ಒಳಗೆ ತುಕ್ಕು ಹಿಡಿದು ಉಬ್ಬಲು ಸರಳುಗಳ ಪಂಜರವಿಲ್ಲ.) ಬೆಳಗಾವಿ, ಖಾನಾಪುರ ಕಡೆ ಮಳೆ ಜಾಸ್ತಿ. ಅಲ್ಲಿ ಮೊದಲು ಮೇಲೆ ನೋಡಿ: ಬಾಲ್ಕನಿ, ಟೆರೇಸಿನ ಮಳೆನೀರಿನ ಪೈಪು, ಕಂಬದೊಳಗೆ ಹುದುಗಿಸಿದ ಪೈಪು. ಆ ಕಡೆ ಬಟ್ಟೆಯ ಅಂಟಿನ ತೊಂದರೆಯೂ ಹೆಚ್ಚು, ಅದನ್ನು ಮುಂದೆ ಹೇಳುತ್ತೇನೆ.

ಕಿಟಕಿಯಲ್ಲಿ ರಾಡು ಕಂಡಿದ್ದರೆ ಹಾಫ್ ಸೆಲ್ ಕೂಡ ಮಾಡಿಸಬಹುದು. ತಾಮ್ರ–ತಾಮ್ರದ ಸಲ್ಫೇಟ್ ಸೆಲ್‌ನಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಹೋದರೆ ತುಕ್ಕು ನಡೆದಿರುವ ಸಂಭವ ಶೇ 90ಕ್ಕಿಂತ ಹೆಚ್ಚು. ಮೈನಸ್ 200ಕ್ಕಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಂಭವ ಅಷ್ಟೇ. ನಡುವೆ ಬಂದರೆ ಹೀಗೇ ಅಂತ ಹೇಳಲಾಗದು. ಅಕ್ಕಪಕ್ಕದ ಇನ್ನೂ ಸುತ್ತದ ಕಂಬಗಳಿಗೆ ಇದನ್ನು ಮಾಡಿಸುವುದು ಜಾಸ್ತಿ ಉಪಯೋಗ.

ಕಾಂಕ್ರೀಟು ಸರಿ ಇದ್ದು ಅಂಟು ಬಿಟ್ಟಿದ್ದರೆ

ಕಿಟಕಿಯಲ್ಲಿ ತುಕ್ಕು ಇಲ್ಲ, ಕಾಂಕ್ರೀಟು ಗಟ್ಟಿ, ಬಟ್ಟೆ ಮಾತ್ರ ಬಿಟ್ಟಿದೆ ಅಂದರೆ ಸುತ್ತಿದ ದಿನದ ಹವೆ ಏನಿತ್ತು ಕೇಳಿ. ಬೆಳಗಾವಿಯ ಜುಲೈಯಲ್ಲಿ ಸುತ್ತಿದ್ದರೆ ತೇವವೇ ಕಾರಣ ಇರಬಹುದು. ಎಪಾಕ್ಸಿ ಹಚ್ಚುವಾಗ ಕಂಬದ ಮೈ, ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಂಬಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ 16 ಗಂಟೆ ಬಿಡಿ. ಒಳಗೆ ಬೆವರು ಕಟ್ಟಿದರೆ ಆ ಕಂಬ ಇನ್ನೂ ಸುತ್ತಲು ತಯಾರಿಲ್ಲ. ಅಗ್ಗದ ಪರೀಕ್ಷೆ, ಆದರೂ ಯಾರೂ ಮಾಡುವುದಿಲ್ಲ.

ತೇವದ ಹವೆಯಲ್ಲಿ ಇನ್ನೊಂದು ಕಾಟ ಇದೆ. ಮೊದಲ ಪದರ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ. ಅದರ ಮೇಲೆ ಮಾರನೇ ದಿನ ಎರಡನೇ ಪದರ ಹಾಕಿದರೆ ಎರಡು ಪದರದ ನಡುವೆ ಬಿಡುತ್ತದೆ. ಥಿನ್ನರ್ ಹಾಕಿ ಒರೆಸಿದರೆ ಅದು ಹೋಗುವುದಿಲ್ಲ, ಬಳಿದ ಹಾಗೆ ಆಗುತ್ತದೆ. ಸೋಪು, ಬೆಚ್ಚಗಿನ ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಮರಳು ಕಾಗದ ಆಡಿಸಿ ಮುಂದುವರಿಯಬೇಕು.

ವಿಜಯಪುರದ ಏಪ್ರಿಲ್‌ನಲ್ಲಿ ಇದರ ಉಲ್ಟಾ. ಬಿಸಿಲಿಗೆ ಎಪಾಕ್ಸಿ ಬಕೆಟಿನಲ್ಲೇ ಕಾದು ಗಟ್ಟಿಯಾಗತೊಡಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಕೈಗೆ ಸಿಗುವ ಹೊತ್ತು ಹೆಚ್ಚು ಕಡಿಮೆ ಅರ್ಧ. ಕೆಲಸದವರು ಅದನ್ನೇ ಉಜ್ಜಿ ಉಜ್ಜಿ ಹಚ್ಚುತ್ತಾರೆ, ನಾರು ನೆನೆಯುವುದೇ ಇಲ್ಲ. ಗಾಜಿನ ಬಟ್ಟೆಯಾದರೆ ನೆನೆಯದ ಕಡೆ ಬೆಳ್ಳಗೆ ಕಾಣುತ್ತದೆ. ಬೆಳಗ್ಗೆ ಹಚ್ಚಿದರೆ ಇನ್ನೊಂದು ತೊಂದರೆ: ಬಿಸಿಲೇರಿದ ಹಾಗೆ ಕಾಂಕ್ರೀಟಿನ ರಂಧ್ರದ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಹಸಿ ಪದರದ ತುಂಬ ಗುಳ್ಳೆ. ಇಳಿಹೊತ್ತಿನಲ್ಲಿ, ಕಂಬ ತಣ್ಣಗಾಗುತ್ತಿರುವಾಗ ಹಚ್ಚಿ. ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸಿ. ತೂಕದ ಯಂತ್ರ ಇಟ್ಟುಕೊಳ್ಳಿ, ಡಬ್ಬಿಯ ಗೆರೆ ನೋಡಿ ಸುರಿಯಬೇಡಿ.

ಅಂಟು ಹೇಗಿದೆ ಅಂತ ಅಳೆಯಲು ಎಳೆತದ ಪರೀಕ್ಷೆ ಇದೆ. 50 ಮಿಮೀ ಉಕ್ಕಿನ ಬಿಲ್ಲೆ ಅಂಟಿಸಿ ಯಂತ್ರದಿಂದ ಎಳೆಯುತ್ತಾರೆ. 1.4 ಎಂಪಿಎ (ಚದರ ಮಿಮೀಗೆ 1.4 ನ್ಯೂಟನ್) ದಾಟಬೇಕು, ಅಂದರೆ ಸುಮಾರು 280 ಕೆಜಿ ಎಳೆತ. ಕಿತ್ತು ಬರುವಾಗ ಕಾಂಕ್ರೀಟು ಒಡೆದು ಬರಬೇಕು, ಅಂಟು ಬಿಟ್ಟು ಬರಬಾರದು.

ಎಲ್ಲ ಸರಿ ಇದ್ದೂ ಕೆಲಸ ಸುಳ್ಳಾಗಿರುವುದು

ಇದು ಉಬ್ಬುವುದಿಲ್ಲ, ಸೀಳುವುದಿಲ್ಲ, ಟಣ್ ಅನ್ನುತ್ತದೆ. ಅದಕ್ಕೇ ಅಪಾಯ.

ನಮ್ಮ ಕಡೆ ಒಂಬತ್ತು ಇಂಚಿನ ಗೋಡೆಯೊಳಗೆ ಕಂಬ ಮುಚ್ಚಿಹೋಗಬೇಕು ಅಂತ 230 × 450 ಮಿಮೀ ಕಂಬ ಹಾಕುವುದು ವಾಡಿಕೆ. ಅಂಥ ಕಂಬಕ್ಕೆ ಗೋಡೆ ಒಡೆಯದೆ ಮೂರು ಮೈಗೆ ಮಾತ್ರ ಬಟ್ಟೆ ಅಂಟಿಸಿ ಹೋದ ಕೆಲಸವನ್ನು ನಾನು ಬೆಳಗಾವಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನೋಡಿದೆ. ಬಣ್ಣ ಹೊಡೆದು ಚೆಂದ ಮಾಡಿದ್ದರು. ಬಕಲ್ ಹಾಕದ ಬೆಲ್ಟು ಪ್ಯಾಂಟು ಹಿಡಿಯುತ್ತದೆಯೇ? ಸುತ್ತು ಪೂರ್ತಿ ಕೂಡದೆ ಕಂಬವನ್ನು ಹಿಡಿದಿಡುವ ಮಾತೇ ಇಲ್ಲ. ಕೂಡಿದ ಮೇಲೂ ಒಂದರ ಮೇಲೊಂದು ಕನಿಷ್ಠ 150 ಮಿಮೀ ಹಾಯಬೇಕು.

ಪೂರ್ತಿ ಸುತ್ತಿದರೂ 230 × 450ರಲ್ಲಿ ಭಾರ ಹೊರುವ ಶಕ್ತಿ ಹೇಳಿಕೊಳ್ಳುವಷ್ಟು ಏರದು. ದುಂಡು ಕಂಬದಲ್ಲಿ ಬಟ್ಟೆ ಎಲ್ಲ ಕಡೆ ಸಮ ಒತ್ತುತ್ತದೆ. ಚೌಕದಲ್ಲಿ ಮೂಲೆಗಳಲ್ಲಿ ಮಾತ್ರ ಒತ್ತುತ್ತದೆ, ಚಪ್ಪಟೆ ಮೈಯ ನಡುವೆ ಬಾಗಿಬಿಡುತ್ತದೆ. ಉದ್ದ ಅಗಲದ ಎರಡು ಪಟ್ಟು ದಾಟಿದ ಕಂಬಕ್ಕೆ ಭಾರದ ಲಾಭ ಲೆಕ್ಕ ಹಾಕಬೇಡಿ ಅಂತಲೇ ಎಸಿಐ ಹೇಳುತ್ತದೆ. 450ನ್ನು 230ರಿಂದ ಭಾಗಿಸಿ ನೋಡಿ, ಎರಡರ ಹತ್ತಿರ ಬರುತ್ತದೆ. ಅಂಥ ಕಡೆ ನಾನು ಬಟ್ಟೆಯ ಕೊಟೇಶನ್ ಕೊಡುವುದಿಲ್ಲ. ಸುತ್ತ ಹೊಸ ಸರಳು ಕಟ್ಟಿ ಕಾಂಕ್ರೀಟ್ ಜಾಕೆಟ್ ಹಾಕುವುದೇ ಸರಿ. ಕಂಬ ದಪ್ಪವಾಗುತ್ತದೆ, ಮನೆಯವರು ಮುಖ ಸಿಂಡರಿಸುತ್ತಾರೆ, ಆದರೂ ಅದೇ ಸರಿ.

ಮೂಲೆಗಳನ್ನೂ ಬೆರಳಾಡಿಸಿ ನೋಡಿ. ಕನಿಷ್ಠ 13 ಮಿಮೀ ತ್ರಿಜ್ಯಕ್ಕೆ ದುಂಡಗೆ ಉಜ್ಜಿರಬೇಕು. ನಾನು 25 ಮಾಡಿಸುತ್ತೇನೆ. ಚೂಪು ಮೂಲೆಯ ಮೇಲೆ ಎಳೆದ ನಾರು ಅಲ್ಲೇ ಮೊದಲು ಕಡಿಯುತ್ತದೆ.

ಜಮಖಂಡಿಯ ಕಂಬಕ್ಕೆ ಏನು ಮಾಡಿದೆವು

ಮೊದಲು ಒಗೆಯುವ ಕಲ್ಲು ಎತ್ತಿ ಆಚೆ ಇಟ್ಟೆವು. ಮೋರಿಯನ್ನು ಬೇರೆ ಕಡೆ ತಿರುಗಿಸಿದೆವು. ಯಜಮಾನರ ಮನೆಯವರಿಗೆ ಇದು ಹಿಡಿಸಲಿಲ್ಲ. “ಕಂಬ ರಿಪೇರಿ ಮಾಡಂದ್ರ ನನ್ನ ಕಲ್ಲು ಯಾಕ ಎಬ್ಬಿಸ್ತೀರಿ ಅಣ್ಣಾರ?” ಅಂದರು. ಕಿಟಕಿಯೊಳಗಿನ ಹಸಿ ಪುಡಿ ಕೈಗೆ ಕೊಟ್ಟ ಮೇಲೆ ಸುಮ್ಮನಾದರು.

ಪ್ರಾಪ್ ಕೊಟ್ಟು, ಜಾಕ್‌ನಿಂದ ಭಾರ ಇಳಿಸಿ, ಒಂದು ಸಲಕ್ಕೆ ಒಂದೇ ಕಂಬ ಹಿಡಿದೆವು. ಭಾರ ಇಳಿಸದೆ ಸುತ್ತಿದರೆ ಹೊಸ ಕಾಂಕ್ರೀಟೂ ಬಟ್ಟೆಯೂ ಇರುವ ಭಾರಕ್ಕೆ ಕೈ ಹಚ್ಚುವುದೇ ಇಲ್ಲ. ಹಳೆಯ ಬಟ್ಟೆ, ಗಿಲಾವು, ಸಡಿಲ ಕಾಂಕ್ರೀಟು ತೆಗೆದು, ರಾಡಿನ ಹಿಂದೆ 20 ಮಿಮೀ ತನಕ ಕೆತ್ತಿದೆವು. ಬೆರಳು ರಾಡಿನ ಹಿಂದೆ ಹೋಗಬೇಕು, ಇಲ್ಲದಿದ್ದರೆ ಹಿಂಬದಿಯ ತುಕ್ಕು ಹಾಗೇ ಉಳಿಯುತ್ತದೆ. ಫರ್ಸಿ ಎಬ್ಬಿಸಿ ಬುಡವನ್ನು ಪಾಯದ ಪೆಡೆಸ್ಟಲ್ ತನಕ ಬಿಚ್ಚಿದೆವು. ಶೇ 29 ಸವೆದ ರಾಡುಗಳ ಪಕ್ಕಕ್ಕೆ ಇಂಜಿನಿಯರ್ ಲೆಕ್ಕದಂತೆ ಹೊಸ ರಾಡು, ಹೊಸ ರಿಂಗ್ ಬಂದವು.

ನಡುವಿನ ಕಾಂಕ್ರೀಟಿನಲ್ಲೂ ಉಪ್ಪಿತ್ತಲ್ಲ, ಅದನ್ನು ಪೂರ್ತಿ ತೆಗೆಯಲಾಗದು. ಇಂಥ ಕಡೆ ಹೊಸ ಕಾಂಕ್ರೀಟು ತುಂಬಿದ ಜಾಗ ಚೆನ್ನಾಗಿದ್ದು, ಅದರ ಅಂಚಿನಾಚೆಯ ಹಳೆಯ ರಾಡು ಮೊದಲಿಗಿಂತ ಜೋರಾಗಿ ಕೊರೆಯುತ್ತದೆ. ಅದಕ್ಕೆ ಅಂಗೈಯಲ್ಲಿ ಹಿಡಿಸುವ ಜಿಂಕ್ ಆನೋಡ್‌ಗಳನ್ನು ತಂತಿಯಿಂದ ರಾಡಿಗೆ ಕಟ್ಟಿದೆವು. ಜಿಂಕ್ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆನೋಡ್ ಕಟ್ಟಿದ ಕಡೆ ಎಪಾಕ್ಸಿ ಗಾರೆ ತುಂಬಬೇಡಿ, ಕರೆಂಟ್ ಹರಿಯದೆ ಜಿಂಕ್ ಸುಮ್ನೆ ಕೂರುತ್ತದೆ. ನಾವು ಸಿಮೆಂಟಿನ ಮೈಕ್ರೋ ಕಾಂಕ್ರೀಟ್ ಹಾಕಿದೆವು, ಸಿಹಿನೀರಿನ ಟ್ಯಾಂಕರ್ ತರಿಸಿ.

ಆಮೇಲೆ ಕಾದೆವು. ಮೂರು ವಾರ ಪ್ಲಾಸ್ಟಿಕ್ ಹಾಳೆ ಹಚ್ಚುವುದು, ಬೆವರು ನೋಡುವುದು, ಮತ್ತೆ ಕಾಯುವುದು. ಯಜಮಾನರು ದಿನಾ ಫೋನ್ ಮಾಡಿ “ಯಾವಾಗ ಸುತ್ತತೀರಿ?” ಅನ್ನುತ್ತಿದ್ದರು. ಹಾಳೆ ಒಣ ಬಂದ ದಿನ ಸಂಜೆ ನಾಲ್ಕಕ್ಕೆ ಪ್ರೈಮರ್ ಶುರು ಮಾಡಿದೆವು. ಗಾಜಿನ ಬಟ್ಟೆ ಎರಡು ಪದರ, ಫರ್ಸಿ ಮಟ್ಟಕ್ಕಿಂತ ಒಂದಡಿ ಕೆಳಗಿನಿಂದ. ಕಾರ್ಬನ್ ಬೇಕಾಗಿದ್ದರೆ ಕಬ್ಬಿಣ ತಾಗದಂತೆ ಒಳಗೆ ಒಂದು ಪದರ ಗಾಜಿನ ಬಟ್ಟೆ ಹಾಕಲೇಬೇಕು, ಇಲ್ಲದಿದ್ದರೆ ಕಾರ್ಬನ್ ತಾನೇ ಕಬ್ಬಿಣವನ್ನು ತಿನ್ನಿಸುತ್ತದೆ. ಕೊನೆಯ ಹಸಿ ಪದರದ ಮೇಲೆ ದಪ್ಪ ಉಸುಕು ಎರಚಿದೆವು. ಗಿಲಾವು ಹಿಡಿಯಲು ಅದು ಬೇಕು. ಗಿಲಾವು ಬಿಸಿಲನ್ನು ತಡೆಯುತ್ತದೆ. ಇಂಥ ಎಪಾಕ್ಸಿ 60ರಿಂದ 80 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ, ಹಾಗಾಗಿ ಬೆಂಕಿ ಬಿದ್ದರೆ ಬಟ್ಟೆ ಇಲ್ಲವೆಂದೇ ಎಣಿಸಿ ಕಂಬದ ಲೆಕ್ಕ ಹಾಕಿರಬೇಕು. ಅಂಗಡಿಯ ಚಹಾದ ಒಲೆಯನ್ನು ಕಂಬದಿಂದ ದೂರ ಇಡಿಸಿದೆವು.

ಈ ಸಲ ಮಳೆ ಬಿದ್ದು ಹೋದ ಮೇಲೆ ಹೋಗಿ ಬಡಿದು ಬಂದೆ. ಎಲ್ಲ ಟಣ್. ಹೊರಡುವಾಗ ಯಜಮಾನರು ಡ್ರಿಲ್ ಹಿಡಿದುಕೊಂಡು ಬಂದರು, ಕಂಬಕ್ಕೆ ಬೋರ್ಡಿನ ಕೊಂಡಿ ಹಾಕಲಿಕ್ಕೆ. ಒಂದು ತೂತಿಗೆ ಎಷ್ಟು ನಾರು ಕಡಿಯುತ್ತದೆ, ಅದೇ ತೂತಿನಿಂದ ನೀರು ಹೇಗೆ ಇಳಿಯುತ್ತದೆ ಅಂತ ಹೇಳುವ ಹೊತ್ತಿಗೆ ಕಾಕಾ ಡ್ರಿಲ್ ಕಸಿದುಕೊಂಡು ಪಕ್ಕದ ಗೋಡೆಗೆ ಎರಡು ತೂತು ಹಾಕಿ ಬೋರ್ಡು ತೂಗುಹಾಕಿಯೂ ಆಗಿತ್ತು.